ತಾರಸಿಯಿಂದ ತೋರಿಸಿದ ಕೈ

ಬೇಡ, ಬೇಡ, ಬೇಡ... ಅದನ್ನ ಮುಖದಿಂದ ತೆಗೀಬೇಡ ಅಕ್ಕಾ! ನರ್ಸಮ್ಮ ಈಗ ತಾನೇ ಬೈದು ಹೋದ್ರು. ನಿನ್ನನ್ನಲ್ಲ, ನನ್ನನ್ನ. "ಅವರನ್ನ ಮಾತಾಡಿಸಬೇಡಿ ಅಂತ ಎಷ್ಟು ಸಲ ಹೇಳೋದು? ಮಾತಾಡೋಕೆ ಅಂತ ಮಾಸ್ಕ್ ತೆಗೀತಾರೆ, ತೆಗೆದ್ರೆ ಆಕ್ಸಿಜನ್ ಇಳಿದುಹೋಗುತ್ತೆ" ಅಂತ. ಕೇಳಿಸ್ತು ತಾನೇ? ಇವತ್ತು ಮಾತೆಲ್ಲ ನಂದು, ಕೇಳೋದೆಲ್ಲ ನಿಂದು. ನಲವತ್ತು ವರ್ಷದಲ್ಲಿ ಇದೇ ಮೊದಲು ನೋಡು, ನಾನು ಬಾಯಿ ಬಿಟ್ಟು ನೀನು ಬಾಯಿ ಮುಚ್ಚಿಕೊಂಡಿರೋದು!

ಯಾಕೆ ನಗ್ತೀಯಾ? ನಗಬೇಡ್ವೇ. ನಕ್ರೆ ಕೆಮ್ಮು ಬರುತ್ತೆ, ಕೆಮ್ಮು ಬಂದ್ರೆ ಮತ್ತೆ ನನಗೇ ಬೈಗುಳ.

ಏನು? ಕೈ ಏನು ಹಾಗೆ ಮಾಡ್ತಿದ್ದೀಯಾ? ಮುಷ್ಟಿ... ಹಸ್ತ... ಮುಷ್ಟಿ... ಹಸ್ತ... ಓ, ಅದಾ. ಇವತ್ತಿನದಾ. ಹೇಳ್ತೀನಿ ಇರು, ಈಗ ತಾನೇ ಬಂದಿದೀನಿ, ಸ್ವಲ್ಪ ಕೂತ್ಕೋತೀನಿ.

ನೋಡು, ಪಕ್ಕದ ಬೆಡ್ಡಿನ ಅಜ್ಜಿ ನಮ್ಮನ್ನೇ ನೋಡ್ತಿದಾರೆ. ಏನಜ್ಜಿ, ಇವಳಿಗೆ ತಲೆಗಿಲೆ ಕೆಟ್ಟಿದೆ ಅಂದ್ಕೊಂಡ್ರಾ? ಇಲ್ಲಜ್ಜಿ, ಇದು ನಮ್ಮ ಅಕ್ಕ ತಮ್ಮನ ಭಾಷೆ. ಇವಳು ದೊಡ್ಡ ಚೌಕದ ರಸ್ತೆ ಗುಡಿಸೋಳು. ಅದೇ, ನಾಲ್ಕೂ ಕಡೆಯಿಂದ ಬಸ್ಸು ಲಾರಿ ಬಂದು ಕೂಡುತ್ತಲ್ಲ, ಆ ಚೌಕ. ನಾನು ಅಲ್ಲೇ ಕಚೇರಿ ತಾರಸಿ ಮೇಲೆ, ಗಾಳಿ ಅಳೆಯೋನು. ಹೌದಜ್ಜಿ, ಗಾಳೀನೂ ಅಳೀತಾರೆ! ಒಂದು ಯಂತ್ರ ಇದೆ. ಅದರ ಹೊಟ್ಟೇಲಿ ಬಿಳೀ ಕಾಗದ ಇಡೋದು. ಯಂತ್ರ ಒಂದು ದಿನ ಒಂದು ರಾತ್ರಿ ಗಾಳಿ ಎಳೀತಾ ಇರುತ್ತೆ. ಬೆಳಗ್ಗೆ ಕಾಗದ ತೆಗೆದು ತೂಗೋದು. ಎಷ್ಟು ತೂಕ ಜಾಸ್ತಿ ಬಂತೋ ಅಷ್ಟು ಧೂಳು, ಅಷ್ಟು ಹೊಗೆ. ಲೆಕ್ಕ ಹಾಕಿ ಕಚೇರಿ ಗೇಟಿನ ಬೋರ್ಡಲ್ಲಿ ಸೀಮೆಸುಣ್ಣದಲ್ಲಿ ಬರೀಬೇಕು. ನೂರರ ಒಳಗೆ ಬಂದ್ರೆ ಒಳ್ಳೆ ಗಾಳಿ. ದಾಟಿದ್ರೆ ಕೆಟ್ಟದ್ದು. ಇವಳಿಗೆ ಬೋರ್ಡ್ ತನಕ ಬರೋಕೆ ಪುರುಸೊತ್ತಿಲ್ಲ ನೋಡಿ, ಅದಕ್ಕೆ ತಾರಸಿ ಕಟ್ಟೆಯಿಂದ ನಾನೇ ಕೈ ತೋರಿಸ್ತಿದ್ದೆ. ಮುಷ್ಟಿ ಹಿಡಿದ್ರೆ, ಮೂಗಿಗೆ ಬಟ್ಟೆ ಕಟ್ಟು. ಹಸ್ತ ಬಿಚ್ಚಿದ್ರೆ, ಬಟ್ಟೆ ಬಿಚ್ಚು. ಅಷ್ಟೇ. ಮಲಗಿ ಅಜ್ಜಿ, ಮಲಗಿ.

ಪಾಪ, ಅವರ ಕಡೆಯವರು ಯಾರೂ ಬಂದಿಲ್ಲ ಇವತ್ತು.

ಸರಿ, ಸರಿ, ಕೈ ಹಿಂಡಬೇಡ, ಹೇಳ್ತೀನಿ. ಹಸ್ತ. ಹಸ್ತ ಕಣೇ! ಎಂಬತ್ತೆರಡು. ಬೋರ್ಡಲ್ಲಿ ನಾನೇ ಬರೆದು ಬಂದಿದೀನಿ. ಇಷ್ಟು ದೊಡ್ಡದಾಗಿ. ಎಂಬತ್ತೆರಡು.

ಈಗ ಸಮಾಧಾನ ಆಯ್ತಾ?

ಗುಬ್ಬಿ ಬರ್ತಾಳೆ ಇನ್ನೇನು. ನಿಮ್ಮ ಮೇಸ್ತ್ರಿ ಹತ್ರ ಕೋಟು, ಪೊರಕೆ ಇಸ್ಕೊಂಡು ನೇರ ಇಲ್ಲಿಗೇ ಬರ್ತೀನಿ ಅಂದಳು. ಅಮ್ಮನಿಗೆ ಕೋಟು ಹಾಕ್ಕೊಂಡು ತೋರಿಸಬೇಕಂತೆ. ಇಪ್ಪತ್ತು ತುಂಬಿದ್ರೂ ಆಟ ಬಿಟ್ಟಿಲ್ಲ ನಿನ್ನ ಮಗಳು. ನಾಳೆ ಬೆಳಗ್ಗೆ ಐದು ಗಂಟೆಗೆ ನಿನ್ನ ಜಾಗದಲ್ಲಿ ನಿಂತಿರ್ತಾಳೆ. ನಿನ್ನ ರಸ್ತೆ, ನಿನ್ನ ಮೂಲೆ, ಎಲ್ಲ ನಿಂದೇ.

ಅಕ್ಕಾ... ಒಂದು ಮಾತು. ಮೇಸ್ತ್ರಿ ಉದ್ಯಾನದ ಕಡೇನೂ ಒಂದು ಜಾಗ ಖಾಲಿ ಇದೆ ಅಂದಿದ್ನಂತೆ. ಇವಳೇ ಬೇಡ ಅಂದಳಂತೆ. "ಚೌಕದಲ್ಲಿ ಮಾಮ ಮೇಲಿರ್ತಾನೆ, ಗಾಳೀನೂ ಅಲ್ಲೇ ಚೆನ್ನಾಗಿರೋದು, ಬೋರ್ಡೇ ಹೇಳುತ್ತಲ್ಲ" ಅಂತ. ನಾನಂದೆ, ಉದ್ಯಾನಕ್ಕೇ ಹೋಗೇ, ಅಲ್ಲಿ ಬರೀ ಎಲೆ ಗುಡಿಸೋದು, ನೆರಳು ಬೇರೆ. ನೀನೂ ಒಂದು ಮಾತು ಹೇಳು. ಅಂದ್ರೆ ಹೇಳಬೇಡ, ಸನ್ನೆ ಮಾಡು. ನಿನ್ನ ಸನ್ನೆಗಾದ್ರೂ ಬೆಲೆ ಕೊಡ್ತಾಳೆ.

ಯಾಕೆ ಹಾಗೆ ನೋಡ್ತೀಯಾ? ಯಾಕೂ ಇಲ್ಲ. ಸುಮ್ನೆ. ನೆರಳಿರುತ್ತೆ ಅಂತ ಹೇಳಿದ್ನಲ್ಲ! ಚೌಕಕ್ಕೇ ಬರ್ತೀನಿ ಅಂದ್ರೆ ಬರಲಿ, ಆದ್ರೆ ಮೂಗಿಗೆ ಬಟ್ಟೆ ಕಟ್ಕೊಂಡು ಬರಲಿ. ಏನು? ಹಸ್ತ ತೋರಿಸ್ತೀಯಾ... ಹೌದು, ಹಸ್ತಾನೇ, ಎಂಬತ್ತೆರಡು ಅಂತ ನಾನೇ ಹೇಳಿದೆ. ಆದ್ರೂ ಕಟ್ಕೊಳ್ಳಲಿ. ಕಟ್ಕೊಂಡ್ರೆ ನಷ್ಟ ಏನು? ನಿನ್ನ ಹತ್ರ ವಾದ ಮಾಡೋಕಾಗಲ್ಲಪ್ಪ. ಬಾಯಿ ಮುಚ್ಚಿಕೊಂಡೂ ಗೆಲ್ತೀಯಾ!

ಈ ಆಕ್ಸಿಜನ್ ಡಬ್ಬಿ ಎಷ್ಟು ಸದ್ದು ಮಾಡುತ್ತೆ ಅಲ್ವಾ? ಗುರ್‍ರ್... ಒಂದೇ ಸಮ. ನಿನಗೆ ನಿದ್ದೆ ಬರುತ್ತಾ ಇದರ ಪಕ್ಕ? ನನ್ನ ಯಂತ್ರದ್ದೂ ಇದೇ ಸದ್ದು. ಕಣ್ಣು ಮುಚ್ಚಿದ್ರೆ ತಾರಸಿ ಮೇಲೇ ಕೂತ ಹಾಗಿದೆ. ಅಲ್ಲಿ ಅದು ಗಾಳಿ ಎಳ್ಕೊಳ್ಳುತ್ತೆ, ಇಲ್ಲಿ ಇದು ನಿನಗೆ ಗಾಳಿ ಕೊಡುತ್ತೆ. "ನಿನ್ನ ಹೆಂಡ್ತಿ ಏನಂತಾಳೋ ಇವತ್ತು, ಗುರ್ ಅಂತಾಳಾ?" ಅಂತ ಆ ಯಂತ್ರದ ಬಗ್ಗೆ ಕೆಳಗಿಂದ ಕೂಗ್ತಿದ್ದೆಯಲ್ಲ, ಇಡೀ ಬಸ್ ಸ್ಟಾಪು ತಿರುಗಿ ನೋಡ್ತಿತ್ತು. ಮದುವೆಯಾಗದ ಗಂಡಸಿನ ಮರ್ಯಾದೆ ಮೂರು ಕಾಸಿಗೆ ಹರಾಜು.

ಇನ್ನೊಂದು ವಿಷಯ ಹೇಳ್ತೀನಿ, ನಗಬಾರದು. ನೀನು ಹಾಸಿಗೆ ಹಿಡಿದು ಎರಡು ತಿಂಗಳಾಯ್ತು ತಾನೇ? ನಿನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಆದ್ರೂ ಬೆಳಗ್ಗೆ ನಾನು ಮೇಲೆ ಹತ್ತಿ ಕಾಗದ ತೆಗೆಯೋ ಹೊತ್ತಿಗೆ ಕೆಳಗೆ ಸದ್ದು ಕೇಳುತ್ತೆ. ಸರ್... ಸರ್... ಆಮೇಲೆ ಕೆಮ್ಮು. ಸರ್... ಸರ್... ಕೆಮ್ಮು. ಎರಡು ಸಲ ಗುಡಿಸಿ ಒಂದು ಸಲ ಕೆಮ್ಮು, ಹೋದ ಚಳಿಗಾಲದಲ್ಲಿ ಹಾಗೇ ಇತ್ತಲ್ಲ ನಿಂದು. ಓಡಿ ಹೋಗಿ ಕಟ್ಟೆಯಿಂದ ಬಗ್ಗಿ ನೋಡ್ತೀನಿ. ಯಾರೂ ಇಲ್ಲ. ಒಂದು ಲಾರಿ ಹೋಗಿರುತ್ತೆ, ಧೂಳು ಇನ್ನೂ ಇಳಿದಿರಲ್ಲ. ಆ ಧೂಳೊಳಗೆ ನೀನು ತಲೆ ಎತ್ತಿ ನಿಂತಿದ್ದೀಯಾ, ನನ್ನ ಕೈಯನ್ನೇ ನೋಡ್ತಿದ್ದೀಯಾ ಅನ್ನಿಸುತ್ತೆ. ನಾನು ಕೈ ಹಿಂದಕ್ಕೆ ಬಚ್ಚಿಟ್ಕೋತೀನಿ. ಖಾಲಿ ರಸ್ತೆಗೆ! ಹುಚ್ಚಲ್ವಾ?

ನಗಬೇಡ ಅಂದ್ರೆ ಈಗ ನಿಜಕ್ಕೂ ನಗ್ತಿಲ್ಲ.

ಡಾಕ್ಟರು ಬಂದಿದ್ರಾ? ಆ ಹುಡುಗ ಡಾಕ್ಟರಲ್ಲ, ದೊಡ್ಡವರು. ನಿನ್ನೆ ನನ್ನನ್ನ ಹೊರಗೆ ಕರೆದು ಆ ಕಪ್ಪು ಹಾಳೆ ಬೆಳಕಿಗೆ ಹಿಡಿದು ತೋರಿಸಿದ್ರು. ನಿನ್ನ ಎದೆಯದ್ದು. "ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ, ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬೇಕು" ಅಂದ್ರು. ಉಳಿಸ್ಕೋತೀವಿ ಅಂದೆ. ಬೀಡಿ ಸೇದ್ತಾರಾ ಅಂದ್ರು. ಅಯ್ಯೋ, ಬೀಡಿ ಸೇದೋರನ್ನ ಕಂಡ್ರೆ ಪೊರಕೆ ತಗೊಂಡು ಅಟ್ಟಿಸಿಕೊಂಡು ಹೋಗ್ತಾಳೆ ಸಾರ್ ಅಂದೆ. ಮತ್ತೆ ಕೆಲಸ ಎಲ್ಲಿ ಅಂದ್ರು. ಚೌಕದಲ್ಲಿ, ಹದಿನೇಳು ವರ್ಷ ಅಂದೆ. "ಅಲ್ಲೇ ಇದೆಯಲ್ಲ ಕಾರಣ, ಆ ಹೊಗೆ, ಆ ಧೂಳು..." ಅಂತ ಬರೆಯೋಕೆ ಹೊರಟ್ರು.

ನಾನು... ನಾನೇನಂದೆ ಗೊತ್ತಾ? "ಇಲ್ಲ ಸಾರ್, ಅಲ್ಲಿ ಮೂರು ವರ್ಷದಿಂದ ಗಾಳಿ ಚೆನ್ನಾಗಿದೆ, ನಾನೇ ಅಳೆಯೋದು" ಅಂದೆ.

ಬಾಯಿಗೆ ಬಂದುಬಿಡ್ತು ಅಕ್ಕಾ. ಅವರು ಕನ್ನಡಕದ ಮೇಲಿಂದ ನನ್ನನ್ನ ನೋಡಿದ್ರು. ಬೋರ್ಡ್ ಅವರೂ ದಿನಾ ನೋಡ್ತಾರಂತೆ, ಅದೇ ದಾರೀಲಿ ಬರೋದಂತೆ. "ಹೌದು, ನಾನೂ ನೋಡಿದೀನಿ, ಹಾಗಾದ್ರೆ ಇದೇನೋ ಬೇರೆ" ಅಂತ ಹೇಳಿ ಬರೆದಿದ್ದನ್ನ ಹೊಡೆದು ಹಾಕಿದ್ರು. "ಕಾರಣ ಗೊತ್ತಿಲ್ಲ" ಅಂತ ಬರೆದ್ರು. ಚಿಕ್ಕ ವಯಸ್ಸಲ್ಲಿ ಸೌದೆ ಒಲೆ ಊದಿದ್ದಿರಬಹುದು ಅಂತ ನಾನೇ ಸೇರಿಸಿದೆ. ನೀನೂ ಅದನ್ನೇ ಹೇಳ್ತಿದ್ದೆಯಲ್ಲ? ಅಮ್ಮ ಹೋದ ಮೇಲೆ ನಿನಗೆ ಹನ್ನೆರಡು, ನನಗೆ ಐದು. ಅಡುಗೆಮನೆ ತುಂಬ ಹೊಗೆ, ನೀನು ಕಣ್ಣೊರೆಸ್ಕೊಂಡು ನನಗೆ ತುತ್ತು ಹಾಕ್ತಿದ್ದೆ. ಒಲೆಯೇ ಇರಬೇಕು. ಅಲ್ವಾ? ಒಲೆಯೇ.

ಏನಾದ್ರೂ ಅನ್ನು. ತಲೆಯಾದ್ರೂ ಆಡಿಸು.

ಆಯ್ತು ಬಿಡು. ಒಳ್ಳೇ ದಿನದ್ದು ಹೇಳ್ತೀನಿ. ನೆನಪಿದೆಯಾ, ಮೂರು ವರ್ಷದ ಹಿಂದೆ, ಮೊದಲನೇ ಸಲ ಹಸ್ತ ತೋರಿಸಿದ ದಿನ? ಅದಕ್ಕೆ ಮೊದಲು ಎಂಟು ವರ್ಷ ಬರೀ ಮುಷ್ಟಿ. ಮಳೆ ಬಂದ ಮಾರನೇ ದಿನಾನೂ ಮುಷ್ಟಿ, ಮುಷ್ಟಿ, ಮುಷ್ಟಿ. ಅವತ್ತು ಹಸ್ತ ನೋಡಿ ನೀನು ನಂಬಲೇ ಇಲ್ಲ. ಕೆಳಗಿಂದ ಮುಷ್ಟಿ ಮಾಡಿ ತೋರಿಸಿ "ಇದಲ್ವೇನೋ?" ಅಂದೆ. ಅಲ್ಲ, ಹಸ್ತ ಅಂತ ಎರಡೂ ಕೈ ಬಿಚ್ಚಿ ತೋರಿಸಿದೆ. ಆಗ ನೀನು ಬಟ್ಟೆ ಬಿಚ್ಚಿ, ಚೌಕದ ನಡುವೆ ನಿಂತು, ಹೀಗೆ ಮುಖ ಎತ್ತಿ ಗಾಳಿ ಎಳ್ಕೊಂಡೆ. "ಅಪ್ಪಾ! ಇಷ್ಟು ವರ್ಷಕ್ಕೆ ಮೂಗಿಗೆ ಸ್ವಾತಂತ್ರ್ಯ ಬಂತು!" ಅಂದೆ. ಬೇಸಿಗೇಲಿ ಆ ನಾಲ್ಕು ಪದರ ಬಟ್ಟೆ ಕಟ್ಕೊಂಡ್ರೆ ಉಸಿರೇ ಆಡಲ್ಲ ಅಂತ ಗೋಳಾಡ್ತಿದ್ದೋಳು. ನಿನ್ನ ಮುಖ ಅಷ್ಟು ಚೆನ್ನಾಗಿ ನಾನು ನೋಡಿರಲಿಲ್ಲ ಅಕ್ಕಾ. ಬೆಳಗ್ಗೆ ಹೊತ್ತು ಯಾವಾಗಲೂ ಬರೀ ಕಣ್ಣು ಕಾಣ್ತಿತ್ತು.

ಆ ಮುಖ ನೋಡಿದ ಮೇಲೆ ಹೇಗೆ ಹೇಳೋದು...

ಏನೂ ಇಲ್ಲ. ಏನೂ ಅನ್ನಲಿಲ್ಲ ನಾನು.

ನಮ್ಮ ಕಚೇರಿ ದೊಡ್ಡ ಸಾಹೇಬರು ಅವತ್ತು ತಾರಸಿಗೆ ಹತ್ತಿ ಬಂದ್ರು ಗೊತ್ತಾ? ಅಷ್ಟು ವರ್ಷದಲ್ಲಿ ಒಂದು ದಿನ ಆ ಕಬ್ಬಿಣದ ಏಣಿ ಹತ್ತಿದವರಲ್ಲ. ಬಂದು ನನ್ನ ಕೈ ಕುಲುಕಿದ್ರು. "ಎಪ್ಪತ್ತೆಂಟು! ಹೀಗೇ ಇರಲಿ ಕಣಯ್ಯಾ" ಅಂದ್ರು. ಹೀಗೇ ಇರಲಿ ಅಂತ ಗಾಳಿಗೆ ಹೇಳಬೇಕು ತಾನೇ, ನನಗೆ ಯಾಕೆ ಹೇಳಿದ್ರು? ಮಾರನೇ ತಿಂಗಳೇ ನನ್ನ ಕೆಲಸ ಖಾಯಂ ಆಯ್ತು. ನೀನು ಓಣಿಗೆಲ್ಲ ಸಿಹಿ ಹಂಚಿದೆ. "ನನ್ನ ತಮ್ಮ ಗಾಳೀನೇ ಸರಿ ಮಾಡಿಬಿಟ್ಟ" ಅಂತ ಸಿಕ್ಕವರಿಗೆಲ್ಲ ಹೇಳ್ಕೊಂಡು ಬಂದೆ. ಯಾರು ಹೇಳಿದ್ರು ನಿನಗೆ ಹಾಗೆ ಹೇಳೋಕೆ! ನಾನು ಹೇಳಿದ್ನಾ?

ಇಲ್ಲ, ಕೋಪ ಅಲ್ಲ. ಕೋಪ ಯಾಕೆ ಮಾಡ್ಕೊಳ್ಳಲಿ? ಸುಸ್ತಾಗಿದೆ ಅಷ್ಟೇ. ನಾಳೆ ಹೊರಗಿನಿಂದ ಯಾರೋ ಬರ್ತಾರಂತೆ, ಯಂತ್ರ ತಪಾಸಣೆ ಮಾಡೋಕೆ. ನಿನ್ನೆಯಿಂದ ಅದನ್ನ ಒರೆಸಿ, ತೊಳೆದು, ಎಲ್ಲಾ ಇದ್ದ ಹಾಗೆ ಮಾಡಿಟ್ಟು ಬಂದಿದೀನಿ. ಇದ್ದ ಹಾಗೆ ಅಂದ್ರೆ... ಹೊಸದಾಗಿದ್ದಾಗ ಇದ್ದ ಹಾಗೆ.

ತುಟಿ ಒಣಗಿದೆಯಾ? ಇರು, ನೀರು ಕುಡಿಸಬಾರದು, ಒದ್ದೆ ಬಟ್ಟೇಲಿ ಒತ್ತಿ ಅಂತ ನರ್ಸಮ್ಮ ಹೇಳಿದಾರೆ. ಒಂದು ಬಟ್ಟೆ ತಂದಿದ್ದೆ, ಮನೆಯಿಂದ, ಒಗೆದದ್ದು... ಈ ಚೀಲದಲ್ಲಿ ಏನಿಟ್ರೂ ತಳ ಸೇರ್ಕೊಳ್ಳುತ್ತೆ... ಊಟದ ಡಬ್ಬಿ, ಚಾವಿ, ಸೀಮೆಸುಣ್ಣ... ಹಾಂ, ಸಿಕ್ತು. ಮಾಸ್ಕು ಒಂದು ಚೂರು ಎತ್ತು, ಚೂರೇ, ತುಟಿಗೆ...

ಯಾಕೆ? ಯಾಕೆ ಕೈ ಹಿಡ್ಕೊಂಡೆ?

ಅಯ್ಯೋ. ಇದಲ್ಲ. ಇದಲ್ಲ, ಕೊಡಿಲ್ಲಿ, ಇದು ಬೇರೆ. ಗಲೀಜು ಕಣೇ ಇದು, ಬಿಡು. ಅಕ್ಕಾ, ಬಿಡು ಅಂದೆ... ಎಷ್ಟು ಶಕ್ತಿ ಇದೆಯೇ ನಿನಗೆ ಇನ್ನೂ!

ಹೌದು. ನಿಂದೇ. ನಿಂದೇ ಬಟ್ಟೆ. ಅಮ್ಮನ ನೀಲಿ ಹೂವಿನ ಹೊದಿಕೆ ಕತ್ತರಿಸಿ ಮಾಡಿದ್ದು. ನೀಲಿ ದಾರ ಮುಗೀತು ಅಂತ ಅರ್ಧಕ್ಕೆ ಕೆಂಪು ದಾರದಲ್ಲಿ ಹೊಲಿದಿದ್ದೆಯಲ್ಲ, ಅದೇ. ಆ ಒಳ್ಳೇ ದಿನದ ಮಾರನೇ ದಿನ ನೀನೇ ತಂದು ಕೊಟ್ಟೆ. "ಇನ್ನು ನನಗೆ ಬೇಡ, ನಿನ್ನ ಹೆಂಡ್ತಿ ಮುಖ ಒರೆಸೋಕೆ ಇಟ್ಕೋ" ಅಂದೆ. ಒರೆಸ್ತಿದ್ದೆ ಅಕ್ಕಾ. ಅದಕ್ಕೇ ಕಪ್ಪಾಗಿದೆ. ಒರೆಸಿ ಒರೆಸಿ ಕಪ್ಪಾಗಿದೆ.

ಬೆರಳಲ್ಲಿ ಏನು ತೋರಿಸ್ತಿದ್ದೀಯಾ? ದುಂಡಗೆ. ಹೌದು, ದುಂಡಗಿದೆ ಕಪ್ಪು. ನಡುವೆ ಮಾತ್ರ. ಅಂಚೆಲ್ಲ ನೀಲಿ ಹಾಗೇ ಇದೆ. ಅದು... ಒರೆಸೋವಾಗ ನಡುವೆ ಹಿಡ್ಕೊಂಡು ಒರೆಸ್ತೀವಲ್ಲ, ಅದಕ್ಕೆ...

ಕಟ್ಟೋ ದಾರದ ಗಂಟು ಯಾಕೆ ಬಿಚ್ಚಿ ನೋಡ್ತೀಯಾ? ಕಟ್ಟಿದ ಗುರುತು ಇದೆ, ಹೌದು. ನಾಲ್ಕೂ ದಾರದಲ್ಲಿ ಇದೆ. ಒರೆಸೋ ಬಟ್ಟೆಗೆ ಗಂಟು ಯಾಕೆ ಅಂತ ಕೇಳ್ತಿದ್ದೀಯಾ?

ಹಾಗೆ ನೋಡಬೇಡ. ಮುಖ ತಿರುಗಿಸ್ಕೋ ಬೇಕಾದ್ರೆ, ಹಾಗೆ ನೋಡಬೇಡ್ವೇ.

ಹೊಡಿ. ಚಿಕ್ಕವನಿದ್ದಾಗ ಸುಳ್ಳು ಹೇಳಿದ್ರೆ ಕಿವಿ ಹಿಂಡ್ತಿದ್ದೆಯಲ್ಲ, ಹಿಂಡು. ಇಗೋ, ಬಗ್ಗಿದೀನಿ.

...ಕೆಳಗೆ ಕಸದ ರಾಶಿಗೆ ಯಾರೋ ಬೆಂಕಿ ಹಾಕಿದ್ರು. ಒಂದು ವಾರ ಉರೀತು. ಬೂದಿ ಹಾರಿ ಬಂದು ಯಂತ್ರದ ಬಾಯೊಳಗೆ ಹೋಗಿ ಎರಡು ಸಲ ಕಾಗದ ಹರೀತು. ಕಾಗದ ಹರಿದ್ರೆ ನನ್ನ ತಲೆ ಮೇಲೆ ಬರುತ್ತೆ. ಅದಕ್ಕೆ ನನ್ನ ಟವೆಲ್ ಒದ್ದೆ ಮಾಡಿ ಅದರ ಬಾಯಿಗೆ ಕಟ್ಟಿದೆ. ಒಂದು ದಿನಕ್ಕೆ ಅಂತ. ದೇವರಾಣೆ, ಒಂದೇ ದಿನಕ್ಕೆ! ಮಾರನೇ ದಿನ ತೂಗಿದ್ರೆ ಎಪ್ಪತ್ತೆಂಟು. ಬಿಚ್ಚೋಣ ಅಂತ ಹೋದೆ, ಅಷ್ಟರಲ್ಲಿ ಸಾಹೇಬರು ಏಣಿ ಹತ್ತಿ ಬಂದ್ರು. ಟವೆಲ್ ನೋಡಿದ್ರು. ನೋಡಿ, ಏನೂ ಅನ್ನದೆ ಕೈ ಕುಲುಕಿದ್ರು. ಆಮೇಲೆ ಕೆಳಗೆ ನಿನ್ನ ಮುಖ. ನಾಳೆ ಬಿಚ್ತೀನಿ ಅಂದ್ಕೊಂಡೆ. ಖಾಯಂ ಆಗಲಿ, ಬಿಚ್ತೀನಿ ಅಂದ್ಕೊಂಡೆ. ಖಾಯಂ ಆಯ್ತು. ಟವೆಲ್ ಹರಿದುಹೋಯ್ತು. ನಿನ್ನ ಬಟ್ಟೆ ಕಟ್ಟಿದೆ. ನಾಲ್ಕು ಪದರ ಅಲ್ವಾ, ಚೆನ್ನಾಗಿ ಹಿಡೀತಿತ್ತು.

ಚೆನ್ನಾಗಿ ಹಿಡೀತಿತ್ತು ಅಕ್ಕಾ. ನೋಡ್ತಿದ್ದೀಯಲ್ಲ, ಎಷ್ಟು ಹಿಡಿದಿದೆ ಅಂತ.

ವಾರಕ್ಕೊಂದು ಸಲ ಒಗೀತಿದ್ದೆ. ಕಪ್ಪು ನೀರು ಬರ್ತಿತ್ತು. ಆ ನೀರು ನೋಡೋವಾಗೆಲ್ಲ ಕೆಳಗೆ ನೀನು ಕೆಮ್ತಿದ್ದೆ. ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ನಿನ್ನ ಮುಂದೆ ಹೇಳೋಕೆ ಬಾಯಿ ಬರ್ತಿಲ್ಲ. ಯಂತ್ರಕ್ಕೆ ಬಟ್ಟೆ ಕಟ್ಟಿ, ನಿನಗೆ ಬಿಚ್ಚು ಅಂತ ಹಸ್ತ ತೋರಿಸಿದೆ. ದಿನಾ ಬೆಳಗ್ಗೆ, ಇದೇ ಕೈ.

ನಾಳೆ ಅವರು ಬರ್ತಾರಲ್ಲ, ಅದಕ್ಕೆ ನಿನ್ನೆ ಬಿಚ್ಚಿದೆ. ಬರೀ ಬಾಯಲ್ಲಿ ಒಂದು ದಿನ ಓಡಿತು. ಇವತ್ತು ಬೆಳಗ್ಗೆ ಕಾಗದ ತೆಗೆದ್ರೆ ಬಾಣಲೆ ತಳದ ಹಾಗಿತ್ತು. ಮೂರು ಸಲ ತೂಗಿದೆ. ಮುನ್ನೂರ ಹನ್ನೊಂದು. ಬೋರ್ಡಿಗೆ ಹೋಗಿ ಎಂಬತ್ತೆರಡು ಅಂತ ಬರೆದೆ. ದುಂಡಗೆ ಬರೆದೆ.

ಮಾತಾಡು ಅಕ್ಕಾ. ನರ್ಸಮ್ಮ ಬೈದ್ರೆ ಬೈಯಲಿ, ಆ ಮಾಸ್ಕ್ ಎತ್ತಿ ಒಂದೇ ಒಂದು ಮಾತು ಬೈದುಬಿಡು. ಹಾಳಾಗಿ ಹೋಗು ಅನ್ನು. ಎತ್ತಿ ಸಾಕಿದ್ದಕ್ಕೆ ಇದಾ ಅನ್ನು. ಈ ಡಬ್ಬಿ ಸದ್ದು ಒಂದೇ ಕೇಳ್ಕೊಂಡು ಕೂರೋಕೆ ನನ್ನಿಂದ ಆಗ್ತಿಲ್ಲ...

ಏನು? ಬಾಗಿಲು?

ಬಂದಳಾ.

ಹ್ಞಾಂ... ಗುಬ್ಬಿ. ಬಾ. ಚೆನ್ನಾಗಿದೆ ಕೋಟು. ತೋಳು ಸ್ವಲ್ಪ ಉದ್ದ ಆಯ್ತು, ಅಮ್ಮನದೂ ಹಾಗೇ ಇತ್ತು. ಇಲ್ಲ, ಏನಿಲ್ಲ, ಅಳ್ತಿಲ್ಲ. ಅಮ್ಮ ಚೆನ್ನಾಗಿದಾಳೆ. ಯಾಕೆ ಮಾಮನ ಕಡೆ ನೋಡ್ತಿಲ್ಲ ಅಂತಾ... ಹೇಳ್ತೀನಿ. ಪೊರಕೆ ಮೂಲೇಲಿಡು.

ಅಕ್ಕಾ, ಬಟ್ಟೆ ಯಾಕೆ ನನ್ನ ಕೈಗೇ ತುರುಕ್ತಿದ್ದೀಯಾ? ನಾನೇ ಹೇಳಬೇಕಾ? ಇವಳಿಗಾ? ಈಗಲೇ?

ಸರಿ.

ಏನಂದೆ ಗುಬ್ಬಿ? ಇವತ್ತಿನದಾ? ನಾಳೆಯಿಂದ ನಿನಗೂ ಕೈ ತೋರಿಸ್ಬೇಕಾ, ಅಮ್ಮನಿಗೆ ತೋರಿಸ್ತಿದ್ದ ಹಾಗೆ?

ಇಗೋ, ನೋಡು. ಈಗಲೇ ತೋರಿಸ್ತೀನಿ. ನೀನೂ ನೋಡು ಅಕ್ಕಾ, ಒಂದು ಸಲ ಈ ಕಡೆ ತಿರುಗಿ ನೋಡು.

ಮುಷ್ಟಿ.

ಇಲ್ಲಮ್ಮಾ, ತಮಾಷೆ ಅಲ್ಲ. ಮುಷ್ಟಿನೇ. ಮೂರು ವರ್ಷದಿಂದಲೂ ಮುಷ್ಟಿನೇ ಇತ್ತು ಗುಬ್ಬಿ. ನಿನ್ನ ಅಮ್ಮನಿಗೆ ನಾನು ಹಸ್ತ ತೋರಿಸಿದೆ.